ಚೀಟಿಯಲ್ಲಿ ಪಾಸು, ದೀಪದಲ್ಲಿ ಫೇಲು

ಶೆಟ್ಟಿಕೊಪ್ಪದ ಆಚೀಚೆ ಈಗ ಎರಡೆಕರೆ ತೋಟದವರ ಅಂಗಳದಲ್ಲೂ ಒಂದು ಕಾರೋ, ಪಿಕಪ್ಪೋ, ಹಳೇ ಜೀಪೋ ನಿಂತಿರುತ್ತದೆ. ಪೇಟೆಯವರು ಇದನ್ನು ಶೋಕಿ ಅನ್ನಬಹುದು. ಅವರಿಗೆ ನಮ್ಮ ಕಡೆಯ ಬದುಕು ಗೊತ್ತಿಲ್ಲ. ಸಂಜೆಯ ಬಸ್ಸು ತಪ್ಪಿದರೆ ಮರುದಿನವೇ ಗತಿ. ಗೊಬ್ಬರ ತರಬೇಕು, ಅಡಿಕೆ ಮಂಡಿಗೆ ಹೋಗಬೇಕು, ಕೊಳೆ ಔಷಧಿಗೆ ಮೈಲುತುತ್ತ ತರಬೇಕು. ರಾತ್ರಿ ಹೊತ್ತು ಹೆರಿಗೆ ನೋವೋ, ಹಾವು ಕಡಿತವೋ, ಎದೆನೋವೋ ಆದರೆ ಕೊಪ್ಪಕ್ಕೆ ಓಡಬೇಕು. ಅಲ್ಲಿ ಆಗದಿದ್ದರೆ ಶಿವಮೊಗ್ಗ, ಇಲ್ಲವೇ ಆಗುಂಬೆ ಘಾಟಿ ಇಳಿದು ಮಣಿಪಾಲ. ಜಡಿಮಳೆಯಲ್ಲಿ, ಮೊಬೈಲ್ ಸಿಗ್ನಲ್ ಇಲ್ಲದ ತಿರುವಿನಲ್ಲಿ ಗಾಡಿ ನಿಂತರೆ ಏನಾಗುತ್ತದೆ ಎಂದು ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ನಮಗೆ ಗಾಡಿ ಅಂದರೆ ಪಂಪ್‌ಸೆಟ್ಟಿನಂತೆ ಒಂದು ಅಗತ್ಯದ ಯಂತ್ರ.

ಈ ಯಂತ್ರದ ಆರೋಗ್ಯ ಹೇಳಲು ನಮ್ಮ ಬಳಿ ಎರಡು ಸಾಧನಗಳಿವೆ. ಒಂದು, ವರ್ಷಕ್ಕೋ ಆರು ತಿಂಗಳಿಗೋ ಮಾಡಿಸುವ ಹೊಗೆ ತಪಾಸಣೆ. ಎಮಿಶನ್ ಟೆಸ್ಟ್ ಅಂತ ಎಲ್ಲರೂ ಕರೆಯುವುದು. ಇನ್ನೊಂದು, ಸ್ಟೇರಿಂಗಿನ ಎದುರು ದಿನಾ ಕಾಣುವ ಡ್ಯಾಶ್‌ಬೋರ್ಡಿನ ದೀಪಗಳು. ಇವೆರಡರಲ್ಲಿ ನಾವು ಬೆಲೆ ಕೊಡುತ್ತಿರುವುದು ಚೀಟಿಗೆ. ಪೊಲೀಸರು ಕೇಳುವುದು ಅದನ್ನೇ ಅಲ್ಲವೇ? ದೀಪ ಹೊತ್ತಿದರೆ “ಎಂತದೋ ಸೆನ್ಸಾರ್ ಮಾರಾಯ್ರೆ, ಓಡ್ತದೆ ಬಿಡಿ” ಎಂದು ಸುಮ್ಮನಾಗುತ್ತೇವೆ. ಈ ಲೆಕ್ಕ ತಲೆಕೆಳಗಾಗಿದೆ ಎಂಬುದು ನನ್ನ ವಾದ. ನಮ್ಮ ಜೇಬು, ನಮ್ಮ ಜೀವ, ನಮ್ಮ ಗಾಳಿ ಮೂರಕ್ಕೂ ಚೀಟಿಗಿಂತ ದೀಪವೇ ಹೆಚ್ಚು ಉಪಕಾರಿ. ಸರಕಾರವೂ ಇದನ್ನು ಒಪ್ಪಿ ತಪಾಸಣೆಯ ಕ್ರಮ ಬದಲಿಸಬೇಕು.

ಮೊದಲು ಬಣ್ಣ, ಆಮೇಲೆ ಚಿತ್ರ

ಗಾಡಿಯ ಜೊತೆ ಕೊಡುವ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ. ಅದು ಪ್ಲಾಸ್ಟಿಕ್ ಚೀಲದಿಂದ ಹೊರಗೆ ಬರುವುದೇ ಅಪರೂಪ. ಆದರೆ ದೀಪಗಳನ್ನು ಓದಲು ಇಂಗ್ಲಿಷ್ ಬೇಡ. ಈ ಚಿತ್ರಗಳು ಹೆಚ್ಚುಕಡಿಮೆ ಲೋಕಕ್ಕೆಲ್ಲ ಒಂದೇ. ಬಣ್ಣದ ಅರ್ಥವೂ ಒಂದೇ.

ಹಸಿರು, ನೀಲಿ ಬಂದರೆ ಬರೀ ಮಾಹಿತಿ. ಇಂಡಿಕೇಟರ್ ಹಾಕಿದ್ದೀರಿ, ಹೈ ಬೀಮ್ ಇದೆ ಎಂದಷ್ಟೇ. ಹಳದಿ ಬಂದರೆ, ಏನೋ ಸರಿಯಿಲ್ಲ, ಗಾಡಿ ಓಡುತ್ತದೆ, ಆದರೆ ಬೇಗ ತೋರಿಸಿ ಎಂದರ್ಥ. ಕೆಂಪು ಬಂದರೆ ನಿಲ್ಲಿಸಿ. ಮನೆ ಇನ್ನೆರಡೇ ಕಿಲೋಮೀಟರ್ ಎಂದು ಲೆಕ್ಕ ಹಾಕಬಾರದು. ಆ ಎರಡು ಕಿಲೋಮೀಟರಿನಲ್ಲೇ ಇಂಜಿನ್ ಹೋದದ್ದುಂಟು.

ಕೀಲಿ ತಿರುಗಿಸಿ ಇಂಜಿನ್ ಚಾಲೂ ಮಾಡುವ ಮುಂಚೆ ಎಚ್ಚರಿಕೆ ದೀಪಗಳು ಒಮ್ಮೆ ಹೊತ್ತಿ, ಕೆಲವು ಕ್ಷಣದಲ್ಲಿ ಅಥವಾ ಇಂಜಿನ್ ಹಿಡಿದ ಕೂಡಲೇ ಆರಬೇಕು. ಇದು ದೀಪಗಳು ತಮ್ಮನ್ನೇ ಪರೀಕ್ಷಿಸಿಕೊಳ್ಳುವ ಕ್ರಮ. ಆರದೆ ಉಳಿದದ್ದು ದೂರು ಹೇಳುತ್ತಿದೆ. ಹೊತ್ತಲೇ ಇಲ್ಲದ್ದು ಇನ್ನೂ ಅಪಾಯ, ಏಕೆಂದರೆ ಅದು ದೂರು ಹೇಳುವ ಸ್ಥಿತಿಯಲ್ಲೇ ಇಲ್ಲ.

ಮಂಗಳೂರು, ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಕಾರು ತರುವವರು ಇದನ್ನು ಮರೆಯಬಾರದು. ಕೀಲಿ ತಿರುಗಿಸಿದಾಗ ಹಳದಿ ಇಂಜಿನ್ ಚಿತ್ರ ಹೊತ್ತದಿದ್ದರೆ ಯಾರೋ ಆ ದೀಪವನ್ನೇ ತೆಗೆದಿರಬಹುದು, ಟೇಪ್ ಅಂಟಿಸಿರಬಹುದು. ಬಣ್ಣ, ಸೀಟು, ಟೇಪ್ ರೆಕಾರ್ಡರ್ ನೋಡುವ ಮೊದಲು ಈ ಐದು ಸೆಕೆಂಡು ನೋಡಿ.

ನಿಲ್ಲಿಸಲೇಬೇಕಾದ ಕೆಂಪು ದೀಪಗಳು

ಎಣ್ಣೆ ಗಿಂಡಿಯ ಚಿತ್ರ: ಇದು ಆಯಿಲ್ ಎಷ್ಟಿದೆ ಎಂದು ಹೇಳುವ ದೀಪವಲ್ಲ. ಆಯಿಲ್ ಒತ್ತಡ ಇಲ್ಲ ಎನ್ನುವ ದೀಪ. ಒತ್ತಡ ಇಲ್ಲದಿದ್ದರೆ ಬೇರಿಂಗುಗಳ ನಡುವೆ ಆಯಿಲ್ ಪದರ ನಿಲ್ಲುವುದಿಲ್ಲ, ಲೋಹಕ್ಕೆ ಲೋಹ ಉಜ್ಜುತ್ತದೆ. ತೋಟದ ರಸ್ತೆಯ ಕಲ್ಲಿಗೆ ಆಯಿಲ್ ಚೇಂಬರ್ ತಾಗಿ ಒಡೆಯುವುದು ನಮ್ಮಲ್ಲಿ ಹೊಸತೇನಲ್ಲ. ಈ ದೀಪ ಕಂಡ ಕೂಡಲೇ ಇಂಜಿನ್ ಬಂದ್ ಮಾಡಬೇಕು. ಕಡ್ಡಿ ಎಳೆದು ಆಯಿಲ್ ನೋಡಬೇಕು. ಆಯಿಲ್ ಸರಿಯಿದ್ದೂ ದೀಪ ಆರದಿದ್ದರೆ ಎಳೆಸಿಕೊಂಡೇ ಹೋಗಬೇಕು.

ನೀರಿನಲ್ಲಿ ನಿಂತ ಥರ್ಮಾಮೀಟರಿನ ಚಿತ್ರ: ಇಂಜಿನ್ ಕಾದಿದೆ. ಘಾಟಿ ಹತ್ತುವಾಗ, ಲೋಡು ಹೊತ್ತಾಗ ಬರುವುದು ಹೆಚ್ಚು. ಬದಿಗೆ ನಿಲ್ಲಿಸಿ ತಣ್ಣಗಾಗಲು ಬಿಡಿ. ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೆ ಹಾರುತ್ತದೆ.

ಬ್ಯಾಟರಿ ಚಿತ್ರ: ಬ್ಯಾಟರಿ ಹಾಳಾಗಿದೆ ಎಂದು ಹೊಸ ಬ್ಯಾಟರಿ ತಂದು ಹಾಕುವವರಿದ್ದಾರೆ. ದೀಪ ಹೇಳುತ್ತಿರುವುದು ಚಾರ್ಜ್ ಆಗುತ್ತಿಲ್ಲ ಎಂದು. ಡೈನಮೋ ಅಥವಾ ಅದರ ಬೆಲ್ಟ್ ನೋಡಿ. ಎಷ್ಟೋ ಇಂಜಿನ್ನುಗಳಲ್ಲಿ ನೀರಿನ ಪಂಪನ್ನೂ ಅದೇ ಬೆಲ್ಟ್ ತಿರುಗಿಸುತ್ತದೆ. ಬೆಲ್ಟ್ ತುಂಡಾಗಿದ್ದರೆ ಸ್ವಲ್ಪ ಹೊತ್ತಿನಲ್ಲಿ ಇಂಜಿನ್ನೂ ಕಾಯುತ್ತದೆ.

ಬ್ರೇಕಿನ ಚಿತ್ರ: ಹ್ಯಾಂಡ್ ಬ್ರೇಕ್ ಬಿಟ್ಟ ಮೇಲೂ ಉಳಿದರೆ ಬ್ರೇಕ್ ಆಯಿಲ್ ಇಳಿದಿದೆ. ಪ್ಯಾಡ್ ಸವೆದಂತೆ ಆಯಿಲ್ ಇಳಿಯುತ್ತದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಮೇಲಿಂದ ಆಯಿಲ್ ಸುರಿದು ದೀಪ ಆರಿಸಿದರೆ ಕಾಯಿಲೆ ಅಲ್ಲೇ ಉಳಿಯಿತು. ಹಳದಿ ಎಬಿಎಸ್ ದೀಪ ಒಂದೇ ಬಂದರೆ ಮಾಮೂಲಿ ಬ್ರೇಕ್ ಹಿಡಿಯುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಚಕ್ರ ಜಾರದಂತೆ ನೋಡುವ ವ್ಯವಸ್ಥೆ ಕೆಲಸ ಮಾಡುವುದಿಲ್ಲ. ಮಳೆಗಾಲದಲ್ಲಿ ಚಕ್ರದ ಸೆನ್ಸಾರಿಗೆ ಕೆಸರು ಮೆತ್ತಿದರೂ ಇದು ಬರಬಹುದು. ಎಬಿಎಸ್ ಜೊತೆ ಕೆಂಪು ಬ್ರೇಕ್ ದೀಪವೂ ಬಂದರೆ ಮಾತ್ರ ಘಾಟಿಗೆ ಇಳಿಯುವ ಮಾತೇ ಬೇಡ.

ಹಳದಿ ಇಂಜಿನ್ ದೀಪ

ನಾವು ಅತಿ ಹೆಚ್ಚು ಅಲಕ್ಷ್ಯ ಮಾಡುವುದು ಇದನ್ನೇ. ಇದು ಹುಟ್ಟಿದ್ದೇ ಹೊಗೆಯ ಕಾರಣಕ್ಕೆ ಎಂಬುದು ಹಲವರಿಗೆ ತಿಳಿದಿಲ್ಲ. ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರುಗಳಿಗೆ ಒಂದೇ ನಮೂನೆಯ ಸ್ವಯಂ ತಪಾಸಣೆ ಕಡ್ಡಾಯವಾಯಿತು. ಓಬಿಡಿ ಎಂದು ಅದನ್ನು ಕರೆಯುತ್ತಾರೆ. ನಮ್ಮಲ್ಲಿ ಬಿಎಸ್-4 ಕಾರುಗಳಿಗೆ 2010ರಲ್ಲಿ ಮೊದಲ ಹಂತ, 2013ರಲ್ಲಿ ಎರಡನೇ ಹಂತ ಬಂತು. ಬಿಎಸ್-6 ಬೈಕುಗಳಲ್ಲೂ ಈಗ ಆ ಹಳದಿ ಚಿತ್ರ ಇದೆ. ಗಾಡಿಯೊಳಗಿನ ಕಂಪ್ಯೂಟರ್ ತನ್ನ ಸೆನ್ಸಾರುಗಳನ್ನು ನೋಡುತ್ತಾ, ಹೊಗೆ ಹೆಚ್ಚಾಗುವಂಥ ದೋಷ ಕಂಡರೆ ಒಂದು ಸಂಖ್ಯೆ ಬರೆದಿಟ್ಟು ದೀಪ ಹೊತ್ತಿಸುತ್ತದೆ. ಅಂದರೆ ನಾವು ಗಾಡಿ ಓಡಿಸಿದಷ್ಟು ಹೊತ್ತೂ ಎಮಿಶನ್ ಟೆಸ್ಟ್ ನಡೆಯುತ್ತಲೇ ಇರುತ್ತದೆ.

ದೀಪ ನಿಂತಂತೆ ಹೊತ್ತಿದ್ದರೆ ಒಂದೆರಡು ದಿನದಲ್ಲಿ ತೋರಿಸಿದರಾಯಿತು. ಮಿಣಮಿಣ ಎಂದರೆ ಕೂಡಲೇ ವೇಗ ಇಳಿಸಬೇಕು. ಪೆಟ್ರೋಲ್ ಗಾಡಿಯಲ್ಲಿ ಯಾವುದೋ ಸಿಲಿಂಡರಿನಲ್ಲಿ ಕಿಡಿ ಸರಿಯಾಗಿ ಹತ್ತುತ್ತಿಲ್ಲ, ಉರಿಯದ ಪೆಟ್ರೋಲ್ ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ದುಬಾರಿ ಲೋಹಗಳ ಲೇಪ ಇದೆ. ಕೆಲವು ನೂರರ ಸ್ಪಾರ್ಕ್ ಪ್ಲಗ್ಗಿನಲ್ಲಿ ಮುಗಿಯುವ ಕೆಲಸ ಹತ್ತಾರು ಸಾವಿರಕ್ಕೆ ಏರುವುದು ಹೀಗೆ.

ನಮ್ಮ ಕಡೆ ಈ ದೀಪ ಬರಲು ನಮ್ಮದೇ ಕೆಲವು ಕಾರಣಗಳಿವೆ. ಅಡಿಕೆ ಸಿಪ್ಪೆ, ಭತ್ತದ ಚೀಲ ಇರುವ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸುತ್ತೇವೆ. ಮಳೆಗಾಲದಲ್ಲಿ ಇಲಿ, ಹೆಗ್ಗಣ ಬೆಚ್ಚಗಿನ ಇಂಜಿನ್ ಸೇರಿ ವಯರು ಕಡಿಯುತ್ತವೆ. ಔಷಧಿ ಹೊಡೆಯುವ ಪಂಪಿನಲ್ಲಿ ಬಾನೆಟ್ ಎತ್ತಿ ಇಂಜಿನ್ ತೊಳೆಯುತ್ತೇವೆ. ಆ ಒತ್ತಡಕ್ಕೆ ನೀರು ವಯರಿನ ಜೋಡಣೆಗಳೊಳಗೆ ನುಗ್ಗುತ್ತದೆ. ಡೀಸೆಲ್ ಮುಚ್ಚಳ ಸರಿಯಾಗಿ ಹಾಕದ ಕ್ಯಾನಿನಲ್ಲಿ ತಂದಿಟ್ಟು ಟಿಲ್ಲರಿಗೂ ಅದನ್ನೇ, ಜೀಪಿಗೂ ಅದನ್ನೇ ಸುರಿಯುತ್ತೇವೆ. ಡೀಸೆಲ್ ಫಿಲ್ಟರಿನಲ್ಲಿ ನೀರಿದೆ ಎನ್ನುವ ಹನಿಯ ಚಿತ್ರದ ದೀಪ ಬರುವುದು ಇದರಿಂದಲೇ. ಬಂದ ದಿನವೇ ಫಿಲ್ಟರಿನ ಅಡಿಯ ಬಿರಡೆ ಬಿಚ್ಚಿ ನೀರು ಇಳಿಸಿದರೆ ಖರ್ಚಿಲ್ಲ. ಬಿಟ್ಟರೆ ಇಂಜೆಕ್ಟರುಗಳ ಸರದಿ.

ಸ್ಕ್ಯಾನರ್ ಹಾಕಿದರೆ ಪಿ0300, ಪಿ0420 ಎಂಬಂಥ ಸಂಖ್ಯೆ ಬರುತ್ತದೆ. ಇಲ್ಲಿ ಇನ್ನೊಂದು ಎಚ್ಚರ ಬೇಕು. ಸಂಖ್ಯೆ ರೋಗದ ಹೆಸರಲ್ಲ, ಲಕ್ಷಣ ಮಾತ್ರ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಮಗೆ ಇದನ್ನು ಹೇಳಿಕೊಡಬೇಕೇ? ಅಡಿಕೆ ಸೋಗೆ ಹಳದಿಯಾಯಿತು ಎಂದರೆ ಹಳದಿ ಎಲೆ ರೋಗವೇ ಆಗಬೇಕಾಗಿಲ್ಲ. ಬಸಿಗಾಲುವೆ ಮುಚ್ಚಿ ನೀರು ನಿಂತಿರಬಹುದು, ಪೋಷಕಾಂಶದ ಕೊರತೆ ಇರಬಹುದು, ಬೇರುಹುಳ ಇರಬಹುದು. ಹಾಗೆಯೇ ಪಿ0420 ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುತ್ತದೆ. ಕಾರಣ ಕನ್ವರ್ಟರೇ ಇರಬಹುದು, ಅದರ ಹಿಂದಿನ ಸೆನ್ಸಾರ್ ಇರಬಹುದು, ಪೈಪಿನ ತೂತೂ ಇರಬಹುದು. ಸಂಖ್ಯೆ ನೋಡಿದ ಕೂಡಲೇ ದೊಡ್ಡ ಬಿಡಿಭಾಗ ಬದಲಿಸಿ ಎನ್ನುವ ಗ್ಯಾರೇಜಿಗೆ “ಬೇರೆ ಏನೇನು ನೋಡಿದಿರಿ?” ಎಂದು ಕೇಳುವ ಹಕ್ಕು ನಮಗಿದೆ. ಬ್ಯಾಟರಿ ವಯರ್ ಬಿಚ್ಚಿ ದೀಪ ಆರಿಸುವುದಂತೂ ರಿಪೇರಿಯೇ ಅಲ್ಲ.

ಚೀಟಿ ಏನು ಹೇಳುತ್ತದೆ?

ಕಾನೂನು ಮೊದಲು ಹೇಳಿಬಿಡುತ್ತೇನೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮದ ಪ್ರಕಾರ, ಗಾಡಿ ನೋಂದಣಿಯಾಗಿ 1 ವರ್ಷ ಕಳೆದ ಮೇಲೆ ಹೊಗೆ ತಪಾಸಣೆಯ ಚೀಟಿ ಇರಬೇಕು. ಬಿಎಸ್-4 ಮತ್ತು ಬಿಎಸ್-6 ಗಾಡಿಗಳಿಗೆ ಅದು 12 ತಿಂಗಳು, ಅದಕ್ಕಿಂತ ಹಳೆಯವಕ್ಕೆ 6 ತಿಂಗಳು ನಡೆಯುತ್ತದೆ. 2019ರ ತಿದ್ದುಪಡಿಯ ನಂತರ ಹೊಗೆ ಮಿತಿ ಮೀರಿದ ಗಾಡಿ ಓಡಿಸಿದರೆ ಕಾಯ್ದೆಯಲ್ಲಿ 10,000 ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಸೆರೆಗೂ ಅವಕಾಶ ಇದೆ. ಚೀಟಿ ಇಲ್ಲದೆ ವಿಮೆ ನವೀಕರಿಸಬಾರದು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟಿನಲ್ಲಿ ಹೇಳಿತ್ತು. ಅದರಿಂದ ವಿಮೆಯೇ ಇಲ್ಲದ ಗಾಡಿಗಳು ಹೆಚ್ಚುತ್ತವೆಂಬ ವಾದ ಕೇಳಿ, 2024ರ ಜುಲೈಯಲ್ಲಿ ಕೋರ್ಟೇ ಆ ಷರತ್ತು ತೆಗೆಯಿತು. ಚೀಟಿ ಮಾತ್ರ ಇಂದಿಗೂ ಕಡ್ಡಾಯ.

ಇನ್ನು ಪರೀಕ್ಷೆ. ಪೆಟ್ರೋಲ್ ಗಾಡಿಯ ಸೈಲೆನ್ಸರಿಗೆ ಕೊಳವೆ ತೂರಿಸಿ, ಗಾಡಿ ನಿಂತಲ್ಲೇ ಇಂಜಿನ್ ಓಡಿಸಿ, ಕಾರ್ಬನ್ ಮೊನಾಕ್ಸೈಡ್ ಶೇಕಡಾ ಎಷ್ಟು, ಉರಿಯದ ಹೈಡ್ರೋಕಾರ್ಬನ್ ಎಷ್ಟು ಎಂದು ಅಳೆಯುತ್ತಾರೆ. ಬಿಎಸ್-4ರ ನಂತರದ ಕಾರಿಗೆ ಮೊನಾಕ್ಸೈಡ್ ಮಿತಿ ಶೇಕಡಾ 0.3. ಡೀಸೆಲ್ ಗಾಡಿಗೆ ಆಕ್ಸಿಲರೇಟರ್ ಒಮ್ಮೆಲೇ ತುಳಿದು, ಬರುವ ಹೊಗೆಯ ಮೂಲಕ ಬೆಳಕು ಹಾಯಿಸಿ ಅದು ಎಷ್ಟು ದಟ್ಟ ಎಂದು ನೋಡುತ್ತಾರೆ. ಬಿಎಸ್-4ಕ್ಕಿಂತ ಹಳೆಯದಕ್ಕೆ 2.45, ಬಿಎಸ್-4ಕ್ಕೆ 1.62 ಮಿತಿ. ಚೀಟಿಯಲ್ಲಿ ಈ ಅಂಕಿಗಳು ಅಚ್ಚಾಗಿರುತ್ತವೆ. ಓದಿದವರು ಎಷ್ಟು ಜನ? ಹೋದ ಸಲ 0.6 ಇದ್ದದ್ದು ಈ ಸಲ 1.4 ಆಗಿದ್ದರೆ ಪಾಸು ಎಂದು ಸಂತೋಷಪಡುವ ವಿಷಯವಲ್ಲ. ಏರ್ ಫಿಲ್ಟರೋ ಇಂಜೆಕ್ಟರೋ ಕೆಡುತ್ತಾ ಬಂದಿದೆ ಎಂದು ಚೀಟಿಯೇ ಹೇಳುತ್ತಿದೆ. ಹಳೇ ಚೀಟಿಗಳನ್ನು ಎಸೆಯದೆ ಒಂದರ ಹಿಂದೆ ಒಂದು ಪಿನ್ ಮಾಡಿಡಿ. ಮಣ್ಣು ಪರೀಕ್ಷೆಯ ವರದಿ ಇಟ್ಟಂತೆ.

ಆದರೆ ಈ ಪರೀಕ್ಷೆ ನೋಡದೆ ಬಿಡುವುದು ಬಹಳ. ಡೀಸೆಲ್ ಗಾಡಿಯ ದೊಡ್ಡ ಅಪರಾಧಿ ನೈಟ್ರೋಜನ್ ಆಕ್ಸೈಡುಗಳು. ಬಿಎಸ್-4 ಡೀಸೆಲ್ ಕಾರಿಗೆ ಕಿಲೋಮೀಟರಿಗೆ 0.25 ಗ್ರಾಂ ಇದ್ದ ಮಿತಿಯನ್ನು 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6ರಲ್ಲಿ 0.08ಕ್ಕೆ ಇಳಿಸಿದರು. ಇದು ಕಾರ್ಖಾನೆಯಿಂದ ಹೊರಡುವ ಮುನ್ನ ಪಾಸಾಗಬೇಕಾದ ಮಿತಿ. ಗಾಡಿ ರಸ್ತೆಗಿಳಿದ ಮೇಲೆ ಚೀಟಿ ಕೊಡುವ ಕೇಂದ್ರ ಇದನ್ನು ಅಳೆಯುವುದೇ ಇಲ್ಲ. ಲೋಡು ಹೊತ್ತು ಏರು ಹತ್ತುವಾಗ ಏನು ಬರುತ್ತದೆ ಎಂಬುದನ್ನೂ ನೋಡುವುದಿಲ್ಲ.

ನಿಲ್ಲಿಸಿ ಮಾಡುವ ಪರೀಕ್ಷೆಯನ್ನು ನಂಬಿ ಲೋಕವೇ ಮೋಸ ಹೋದ ಉದಾಹರಣೆ 2015ರದ್ದು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳಲ್ಲಿ ಒಂದು ಸಾಫ್ಟ್‌ವೇರ್ ಇತ್ತು. ಕಾರು ಪರೀಕ್ಷೆಯಲ್ಲಿದೆ ಎಂದು ಗೊತ್ತಾದರೆ ಹೊಗೆ ಕಡಿಮೆ ಮಾಡುತ್ತಿತ್ತು, ರಸ್ತೆಗೆ ಬಂದ ಮೇಲೆ ಬಿಟ್ಟುಬಿಡುತ್ತಿತ್ತು. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣ ತಂಡವೊಂದು ಕಾರಿನ ಹಿಂದೆ ಉಪಕರಣ ಕಟ್ಟಿಕೊಂಡು ರಸ್ತೆಯಲ್ಲೇ ಅಳೆದದ್ದರಿಂದ ಇದಕ್ಕೆ ದಾರಿಯಾಯಿತು. ಲೋಕದಲ್ಲಿ ಸುಮಾರು 1.1 ಕೋಟಿ ಗಾಡಿಗಳಲ್ಲಿ ಈ ಸಾಫ್ಟ್‌ವೇರ್ ಇದ್ದದ್ದನ್ನು ಕಂಪನಿ ಒಪ್ಪಿತು. ನಮ್ಮ ದೇಶದಲ್ಲೂ 3.23 ಲಕ್ಷ ಕಾರು ವಾಪಸು ಕರೆಸಿ ಸರಿಪಡಿಸುವುದಾಗಿ 2015ರ ಡಿಸೆಂಬರಿನಲ್ಲಿ ಹೇಳಿತು. ಅಂಥ ಕಾರುಗಳು ನಮ್ಮ ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳಲು ಸಾಧ್ಯವೇ ಇರಲಿಲ್ಲ.

ಇದು ಯಂತ್ರದ ಮಿತಿ. ಮನುಷ್ಯರ ಮಿತಿ ಬೇರೆ ಇದೆ. ನಂಬರ್ ಪ್ಲೇಟಿನ ಫೋಟೋ ತೆಗೆದು, ಕೊಳವೆಯನ್ನು ಸೈಲೆನ್ಸರಿಗೆ ಹೆಸರಿಗೆ ತೋರಿಸಿ, ದುಡ್ಡು ತೆಗೆದುಕೊಂಡು ಚೀಟಿ ಕೊಡುವವರನ್ನು ನಾವೆಲ್ಲ ಕಂಡಿದ್ದೇವೆ. ದೆಹಲಿಯಲ್ಲಿ ಮಿತಿ ಮೀರಿದ ಗಾಡಿಗಳಿಗೂ ಚೀಟಿ ಕೊಟ್ಟದ್ದನ್ನು 2025ರಲ್ಲಿ ಅಲ್ಲಿನ ವಿಧಾನಸಭೆಯ ಮುಂದೆ ಬಂದ ಮಹಾಲೇಖಪಾಲರ ವರದಿಯೇ ಎತ್ತಿ ತೋರಿಸಿದೆ. ಹೀಗೆ ಸಿಕ್ಕ ಚೀಟಿಯಿಂದ ಲಾಭ ಯಾರಿಗೆ? ಕೊಟ್ಟವನಿಗೆ ಮಾತ್ರ. ನಮ್ಮ ಗಾಡಿಯ ದೋಷ ನಮಗೆ ತಿಳಿಯಲಿಲ್ಲ. ಡೀಸೆಲ್ ಹೆಚ್ಚು ಕುಡಿಯುವುದು ನಿಲ್ಲಲಿಲ್ಲ. ಫೇಲಾದರೆ ಕಾರಣ ಬರೆದ ತಿರಸ್ಕಾರ ಚೀಟಿ ಕೊಡಬೇಕೆಂದು 2021ರಲ್ಲೇ ಕೇಂದ್ರ ಸರಕಾರ ನಿಯಮ ಮಾಡಿದೆ. ಅದನ್ನು ಕೇಳಿ ಪಡೆಯಬೇಕು. ಅದು ಗ್ಯಾರೇಜಿಗೆ ಒಯ್ಯುವ ಡಾಕ್ಟರ ಚೀಟಿ ಇದ್ದಂತೆ.

ಡೀಸೆಲ್ ಗಾಡಿಯ ಹೊಸ ಉಪದ್ರ

ಬಿಎಸ್-6 ಡೀಸೆಲ್ ಗಾಡಿ ಕೊಳ್ಳುವ ಯೋಚನೆ ಇರುವವರು ಈ ಭಾಗವನ್ನು ಎರಡು ಸಲ ಓದಿ. ಇವುಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಮಸಿ ಸೋಸುವ ಜರಡಿ ಇದೆ. ಮಸಿ ತುಂಬಿದಾಗ ಗಾಡಿಯೇ ಅದನ್ನು 600 ಡಿಗ್ರಿ ಆಸುಪಾಸಿನ ಶಾಖದಲ್ಲಿ ಸುಟ್ಟು ಬೂದಿ ಮಾಡಿಕೊಳ್ಳುತ್ತದೆ. ಇದಕ್ಕೆ ಗಾಡಿ ಒಂದೇ ಸಮ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಹೆದ್ದಾರಿಯವರಿಗೆ ಚಿಂತೆಯಿಲ್ಲ. ನಮ್ಮ ಓಡಾಟ ಹೇಗೆ? ಮನೆಯಿಂದ ಡೇರಿಗೆ ಎರಡು ಕಿಲೋಮೀಟರ್, ತೋಟಕ್ಕೆ ಒಂದು, ಸೊಸೈಟಿಗೆ ನಾಲ್ಕು. ಅದೂ ಎರಡನೇ ಗೇರಿನಲ್ಲಿ, ತಿರುವು ಏರಿನಲ್ಲಿ. ಇಂಜಿನ್ ಬಿಸಿಯಾಗುವ ಮುಂಚೆ ಬಂದ್. ಮಸಿ ತುಂಬುತ್ತಲೇ ಇರುತ್ತದೆ, ಸುಡಲು ಅವಕಾಶವೇ ಸಿಗುವುದಿಲ್ಲ.

ಆಗ ಹಳದಿ ದೀಪ ಬರುತ್ತದೆ. ಚುಕ್ಕಿ ತುಂಬಿದ ಪೆಟ್ಟಿಗೆಯ ಚಿತ್ರ. ಬಂದ ಕೂಡಲೇ ಶಿವಮೊಗ್ಗ ರಸ್ತೆಯಂಥ ಸ್ವಲ್ಪ ನೇರ ದಾರಿಯಲ್ಲಿ, ಗಾಡಿಯ ಪುಸ್ತಕದಲ್ಲಿ ಹೇಳಿದ ವೇಗದಲ್ಲಿ, ಹದಿನೈದಿಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಿದರೆ ಹೆಚ್ಚಿನ ಸಲ ಆರುತ್ತದೆ. ಅಲಕ್ಷ್ಯ ಮಾಡಿದರೆ ಗಾಡಿ ಬಲ ಕಳೆದುಕೊಂಡು ತೆವಳುತ್ತದೆ, ಶೋರೂಮಿಗೇ ಒಯ್ಯಬೇಕು. ಜರಡಿ ಬದಲಿಸಬೇಕಾಗಿ ಬಂದರೆ ಗಾಡಿಯ ಮಾದರಿಯಂತೆ ಹತ್ತಾರು ಸಾವಿರದಿಂದ ಲಕ್ಷದವರೆಗೂ ಹೋಗುತ್ತದೆ. ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತಿದ್ದರೆ ಡೀಸೆಲ್ ಇಂಜಿನ್ ಆಯಿಲಿಗೆ ಬೆರೆಯುವುದೂ ಇದೆ. ಕಡ್ಡಿಯಲ್ಲಿ ಆಯಿಲ್ ಏರಿದಂತೆ ಕಂಡರೆ ಖುಷಿಪಡಬೇಡಿ, ಬದಲಿಸಿ.

ಜರಡಿಯನ್ನೇ ಕಿತ್ತುಹಾಕಿ ಕಂಪ್ಯೂಟರಿಗೆ ಸುಳ್ಳು ಹೇಳಿಕೊಡುತ್ತೇವೆ ಎನ್ನುವ ಗ್ಯಾರೇಜುಗಳಿವೆ. ಕಾರ್ಖಾನೆ ಕೊಟ್ಟ ರಚನೆಯನ್ನು ಹೀಗೆ ಬದಲಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ, ವಾರಂಟಿಯೂ ಹೋಗುತ್ತದೆ. ಆ ಮಸಿ ಹೋಗುವುದು ಹಿಂದೆ ಕೂತ ನಮ್ಮದೇ ಆಳುಗಳ, ಮಕ್ಕಳ ಎದೆಗೂಡಿಗೆ. ದಿನಕ್ಕೆ ಐದಾರು ಕಿಲೋಮೀಟರ್ ಓಡಿಸುವವರು ಡೀಸೆಲ್ ಮೋಹ ಬಿಟ್ಟು ಪೆಟ್ರೋಲ್ ಗಾಡಿಯನ್ನೋ ಹಳೇ ಗಾಡಿಯನ್ನೋ ನೋಡುವುದೇ ಮೇಲು. ಶೋರೂಮಿನಲ್ಲಿ ಮೈಲೇಜ್ ಹೇಳುತ್ತಾರೆ, ಇದನ್ನು ಹೇಳುವುದಿಲ್ಲ.

ಇನ್ನೊಂದು ಎಚ್ಚರಿಕೆ ಬೇಸಗೆಯದು. ಕನ್ವರ್ಟರ್, ಜರಡಿ ಎರಡೂ ಕೆಂಡದಂತೆ ಕಾದಿರುತ್ತವೆ. ಫೆಬ್ರವರಿ, ಮಾರ್ಚಿನಲ್ಲಿ ಒಣ ಸೋಗೆ, ದರಗು ಹಾಸಿದಲ್ಲಿ ಗಾಡಿ ನಿಲ್ಲಿಸಬಾರದು.

ತೋಟದ ಯೂರಿಯಾ ಅಲ್ಲ

ಕೆಲವು ಡೀಸೆಲ್ ಕಾರು, ಲಾರಿಗಳಿಗೆ ಬೇರೆ ಟ್ಯಾಂಕಿನಲ್ಲಿ ಯೂರಿಯಾ ದ್ರಾವಣ ಹಾಕಬೇಕು. ಅದು ಸೈಲೆನ್ಸರಿನ ದಾರಿಯಲ್ಲಿ ಚಿಮ್ಮಿ ನೈಟ್ರೋಜನ್ ಆಕ್ಸೈಡುಗಳನ್ನು ಬರಿ ನೈಟ್ರೋಜನ್ ಮತ್ತು ನೀರಾಗಿ ಮಾಡುತ್ತದೆ. ಖಾಲಿಯಾಗುತ್ತಾ ಬಂದಂತೆ ದೀಪ ಎಚ್ಚರಿಸುತ್ತದೆ. ಆಮೇಲೂ ಹಾಕದಿದ್ದರೆ ಬಂದ್ ಮಾಡಿದ ಗಾಡಿ ಮತ್ತೆ ಚಾಲೂ ಆಗದು. “ಮನೆಯಲ್ಲಿ ಯೂರಿಯಾ ಚೀಲ ಇದೆಯಲ್ಲ, ಕರಗಿಸಿ ಹಾಕಿದರಾಯ್ತು” ಎಂದು ಹೇಳುವವರು ಸಿಗುತ್ತಾರೆ. ಖಂಡಿತ ಬೇಡ. ಗಾಡಿಯದು ಖನಿಜಾಂಶ ತೆಗೆದ ನೀರಿನಲ್ಲಿ ಶೇಕಡಾ 32.5ರ ಶುದ್ಧ ದ್ರಾವಣ. ನಮ್ಮ ಚೀಲದ್ದು 2015ರಿಂದ ಬೇವಿನೆಣ್ಣೆ ಲೇಪಿಸಿದ್ದು. ಬೇವೂ ಬಾವಿ ನೀರಿನ ಸುಣ್ಣಾಂಶವೂ ಸೇರಿ ಸೂಜಿಕಣ್ಣಿನ ನಳಿಕೆ ಕಟ್ಟಿಕೊಂಡರೆ ಉಳಿಸಿದ ನೂರು ರೂಪಾಯಿಗೆ ಸಾವಿರಾರು ಕಕ್ಕಬೇಕು.

ದೀಪವಿಲ್ಲದ ಹಳೇ ಜೀಪು

ಹಳೇ ಜೀಪಿನವರಿಗೆ ಇಂಜಿನ್ ದೀಪ ಇಲ್ಲ. ಕಣ್ಣೇ ದೀಪ. ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ತೋಟದ ಧೂಳಿಗೆ ಏರ್ ಫಿಲ್ಟರ್ ಮುಚ್ಚಿರುತ್ತದೆ, ಮೊದಲು ಅದನ್ನು ನೋಡಿ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಬೆಳಗಿನ ಚಳಿಗೆ ಬರುವ ಬಿಳಿ ಹೊಗೆ ಸಹಜ, ಇಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ನೀರು ಒಳಗೆ ಸೇರುತ್ತಿರಬಹುದು. 15 ವರ್ಷ ಕಳೆದ ಗಾಡಿಯ ನೋಂದಣಿ ನವೀಕರಿಸುವಾಗ ಹೇಗೂ ತಪಾಸಣೆಗೆ ಒಯ್ಯಬೇಕು. ಕೊನೇ ದಿನ ಕಷ್ಟಪಡುವ ಬದಲು ಮೊದಲೇ ಸರಿಪಡಿಸಿಕೊಳ್ಳುವುದು ಅಗ್ಗ.

“ನಮ್ಮ ಕಾಡಿನ ಗಾಳಿಗೆ ಎಂತ ಆಗ್ತದೆ?”

ಈ ಪ್ರಶ್ನೆ ಖಂಡಿತ ಬರುತ್ತದೆ. ಬೆಂಗಳೂರಿನವರು ಮಾಡಿದ ಹೊಗೆಗೆ ಮಲೆನಾಡಿನವರು ಯಾಕೆ ದಂಡ ಕಟ್ಟಬೇಕು ಎಂದು. ಪ್ರಶ್ನೆಯಲ್ಲಿ ನ್ಯಾಯವಿದೆ. ಸುತ್ತ ಮರ ಇರುವಲ್ಲಿ ನಾಲ್ಕು ಜೀಪಿನ ಹೊಗೆ ಊರನ್ನೇ ಕೆಡಿಸದು. ಆದರೆ ಹೊಗೆ ಊರಿಗಿಂತ ಮೊದಲು ಸಿಗುವುದು ಗಾಡಿಯ ಹಿಂದೆ ಕೂತವರಿಗೆ. ಹನ್ನೆರಡು ಮಕ್ಕಳನ್ನು ತುಂಬಿಕೊಂಡು ಶಾಲೆಗೆ ಹೋಗುವ ಜೀಪಿನ ಹಿಂಬಾಗಿಲು ತೆರೆದೇ ಇರುತ್ತದೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದೂ ಅಲ್ಲದೆ ಹೊಗೆ ಎಂದರೆ ಅರ್ಧ ಉರಿದ ನಮ್ಮದೇ ಡೀಸೆಲ್, ಪೆಟ್ರೋಲ್. ಅಡಿಕೆ ಮಾರಿದ ದುಡ್ಡೇ ಸೈಲೆನ್ಸರಿನಲ್ಲಿ ಹೋಗುತ್ತಿದೆ.

ಇನ್ನೊಂದು ವಾದ ಗಟ್ಟಿಯಾದದ್ದು. ದೀಪ ಬಂದರೆ ತೋರಿಸುವುದೆಲ್ಲಿ? ಕಂಪನಿಯ ಸರ್ವಿಸ್ ಸ್ಟೇಷನ್ನಿಗೆ ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಒಂದು ದಿನದ ಕೆಲಸ ಬಿಟ್ಟು ಹೋಗಬೇಕು. ಊರಿನ ಮೆಕ್ಯಾನಿಕ್ ಕೈಯಲ್ಲಿ ಒಳ್ಳೆಯ ಸ್ಕ್ಯಾನರಿಲ್ಲ, ಕಂಪನಿ ಮಾಹಿತಿ ಕೊಡುವುದಿಲ್ಲ. ಇದು ನಿಜ. ದೀಪವನ್ನು ಅಲಕ್ಷಿಸುವ ನಮ್ಮ ಅಭ್ಯಾಸಕ್ಕೆ ಸೋಮಾರಿತನಕ್ಕಿಂತ ಈ ದೂರವೇ ದೊಡ್ಡ ಕಾರಣ. ಆದ್ದರಿಂದ ಉಪದೇಶ ಮಾಡಿ ಕೈತೊಳೆದುಕೊಂಡರೆ ಸಾಲದು. ಮಾಡಬಹುದಾದ ಕೆಲವು ಕೆಲಸ ಹೇಳುತ್ತೇನೆ.

ಏನು ಮಾಡಬಹುದು?

ಒಂದು: ನಮ್ಮ ಸಹಕಾರ ಸಂಘಗಳು ಒಂದು ಸ್ಕ್ಯಾನರ್ ಇಟ್ಟುಕೊಳ್ಳಲಿ. ಮೊಬೈಲಿಗೆ ಜೋಡಿಸುವ ಸಾದಾ ಓದುಗ ಯಂತ್ರ ಒಂದೆರಡು ಸಾವಿರದೊಳಗೆ ಸಿಗುತ್ತದೆ. ಸ್ಟೇರಿಂಗಿನ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಚುಚ್ಚಿದರೆ ಸಂಖ್ಯೆ ಬರುತ್ತದೆ. ಸಂಘದಲ್ಲಿ ದೋಟಿ, ಸ್ಪ್ರೇಯರ್ ಬಾಡಿಗೆಗೆ ಕೊಡುವಂತೆ ಇದನ್ನೂ ಕೊಡಬಹುದು. ಎಂತಹ ದೋಷ, ಶಿವಮೊಗ್ಗಕ್ಕೆ ಹೋಗಲೇಬೇಕೇ, ಊರಲ್ಲೇ ಆದೀತೇ ಎಂದು ಮನೆಯಲ್ಲೇ ತಿಳಿದರೆ ಅರ್ಧ ಖರ್ಚು ಉಳಿಯಿತು.

ಎರಡು: ಊರಿನ ಮೆಕ್ಯಾನಿಕ್ಕುಗಳಿಗೆ ತರಬೇತಿ ಮತ್ತು ಮಾಹಿತಿ. ರಿಪೇರಿಯ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲೇ ಮಾತು ಶುರುಮಾಡಿದೆ. ಕಂಪನಿಗಳು ರಿಪೇರಿ ಪುಸ್ತಕವನ್ನು ಹೊರಗಿನ ಗ್ಯಾರೇಜಿಗೂ ಕೊಡುವಂತೆ ಅದು ಕಾನೂನಿನ ಬಲ ಪಡೆಯಬೇಕು. ದೀಪಗಳ ಅರ್ಥವನ್ನು ಒಂದು ಹಾಳೆಯಲ್ಲಾದರೂ ಕನ್ನಡದಲ್ಲಿ ಅಚ್ಚು ಹಾಕಿ ಗಾಡಿಯ ಜೊತೆ ಕೊಡುವುದು ಕಂಪನಿಗೆ ಭಾರವೇ?

ಮೂರು: ಹೊಗೆ ತಪಾಸಣೆಯಲ್ಲಿ ದೀಪವನ್ನೂ ಸೇರಿಸಲಿ. ಇಂಗ್ಲೆಂಡಿನಲ್ಲಿ 2018ರಿಂದ ಇಂಜಿನ್ ದೀಪ ಹೊತ್ತಿದ್ದರೆ ಹೊಸ ತಲೆಮಾರಿನ ಗಾಡಿ ವಾರ್ಷಿಕ ಪರೀಕ್ಷೆಯಲ್ಲಿ ಫೇಲು. ನಮ್ಮಲ್ಲೂ ಓಬಿಡಿ ಇರುವ ಗಾಡಿಗಳ ಸಾಕೆಟ್ಟಿಗೆ ಯಂತ್ರ ಚುಚ್ಚಿ, ಬಂದ ಸಂಖ್ಯೆಯನ್ನು ಚೀಟಿಯಲ್ಲೇ ಅಚ್ಚು ಹಾಕಲಿ. ಆದರೆ ಮೊದಲ ಸಲ ಬಂದಾಗಲೇ ದಂಡ ಬೇಡ, ಸರಿಪಡಿಸಲು ಒಂದೆರಡು ತಿಂಗಳು ಕೊಡಲಿ. ಅದರಲ್ಲೂ ಮಳೆಗಾಲದ ತಿಂಗಳುಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಒಳ್ಳೆಯದು.

ನಾಲ್ಕು: ತಪಾಸಣೆಯ ವಾಹನವೇ ಸಂತೆಯ ದಿನ ಹಳ್ಳಿಗೆ ಬರಲಿ. ಪಶುವೈದ್ಯರ ಶಿಬಿರ, ಕಣ್ಣಿನ ಶಿಬಿರ ನಡೆಯುವಂತೆ ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲಿ ಒಂದು ಗಾಡಿ ಶಿಬಿರ. ಬ್ರೇಕ್, ದೀಪ, ಹೊಗೆ ಮೂರೂ ನೋಡಲಿ.

ಇದರಲ್ಲಿ ಮೊದಲನೆಯದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಡ. ಸಂಘದ ಮಹಾಸಭೆಯಲ್ಲಿ ಒಬ್ಬರು ಎದ್ದು ಕೇಳಿದರೆ ಸಾಕು. ಕೇಳುವ ಮೊದಲು ನಾಳೆ ಬೆಳಿಗ್ಗೆ ಡೇರಿಗೆ ಹೊರಡುವಾಗ ಕೀಲಿಯನ್ನು ಅರ್ಧ ತಿರುಗಿಸಿ ಐದು ಸೆಕೆಂಡು ನಿಲ್ಲಿ. ಯಾವ ದೀಪ ಆರಲಿಲ್ಲ, ಯಾವುದು ಹೊತ್ತಲೇ ಇಲ್ಲ ಎಂದು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಆ ಕಾಗದವನ್ನು ಹೊಗೆ ಚೀಟಿಯ ಜೊತೆಗೇ ಗಾಡಿಯಲ್ಲಿ ಇಡಿ.